ಹೊಲಿಗೆಯ ಮೇಲೆ ಬರಿಗಾಲು

ಒಂದು ಜಡೆ ಮುಗಿದಿತ್ತು, ಎರಡನೆಯದು ಅರ್ಧಕ್ಕೆ ಬಂದಿತ್ತು. ಹಿಂಬಾಗಿಲ ಮೆಟ್ಟಿಲ ಮೇಲೆ ಮಗಳನ್ನು ಮಂಡಿಗಳ ನಡುವೆ ಕೂರಿಸಿಕೊಂಡು ಅವಳು ಕೂದಲಿನ ಮೂರು ಎಳೆಗಳನ್ನು ಬೇಕೆಂದೇ ನಿಧಾನವಾಗಿ ಹೆಣೆಯುತ್ತಿದ್ದಳು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಗಂಡ, ಮೂಗು ಜಡೆಗೆ ತಗಲುವಷ್ಟು ಬಗ್ಗಿ ಅವಳ ಬೆರಳುಗಳನ್ನೇ ನೋಡುತ್ತಿದ್ದ. ಸಂಜೆ ಸಮುದ್ರದ ನೀರಿಳಿತಕ್ಕೆ ಹಾಯಿಹಡಗು ಬಂದರು ಬಿಡುವುದಿತ್ತು. ದಾರಿಯಲ್ಲಿ ಹರಿದ ಹಾಯಿಗಳನ್ನು ಹೊಲಿಯುವ ಕೆಲಸಕ್ಕೆ ಅವಳು ಹೊರಟಿದ್ದಳು. ಆರು ತಿಂಗಳೋ, ಗಾಳಿ ಮುನಿದರೆ ಎಂಟೋ, ಅಲ್ಲಿಯವರೆಗೆ ಈ ಜಡೆ ಅವನ ಪಾಲಿನದು.

"ಬಲಗಡೆದು ನಡುವಿಗೆ, ಆಮೇಲೆ ಎಡಗಡೆದು ನಡುವಿಗೆ. ಅಷ್ಟೇ ರೀ."

"ಅಷ್ಟೇ ಅಂತೀಯ. ಹಲ್ಲಾದ್ರೆ ಕೂರಿಸಿದ ಕಡೆ ಕೂತಿರುತ್ತೆ. ಇದು ಜಾರುತ್ತೆ." ಅವನು ಕಟ್ಟುಹಲ್ಲು ಮಾಡುವವನು. ಮುದುಕರ ಬಾಯಿಯ ಅಚ್ಚು ತೆಗೆದು, ಒಂದೊಂದು ಹಲ್ಲನ್ನೂ ಉಜ್ಜಿ ನುಣುಪು ಮಾಡಿ ಕೂರಿಸುವ ಬೆರಳುಗಳು ಮಗಳ ಕೂದಲು ಮುಟ್ಟಿದೊಡನೆ ಮರದ ತುಂಡಿನಂತಾಗುತ್ತಿದ್ದವು.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಊರಿಗೆಲ್ಲ ಹಲ್ಲು ಕಟ್ಟಿಕೊಟ್ಟೋನು, ಒಂದು ಜಡೆಗೆ ಸೋತ. ಕತ್ತರಿಸಿಬಿಡ್ರೋ, ಗೋಜೇ ಇರಲ್ಲ."

ಮಗಳು ಮುಗಿದ ಜಡೆಯನ್ನು ಮುಂದಕ್ಕೆ ಎಳೆದು ಎದೆಗೊತ್ತಿ ಹಿಡಿದುಕೊಂಡಳು. ಮೊದಲಾಗಿದ್ದರೆ ಹತ್ತು ಮಾತು ತಿರುಗಿಸಿ ಆಡುತ್ತಿದ್ದಳು. ಬಾಯಿ ತೆರೆದರೆ ಪ್ರಶ್ನೆಯೇ ಉದುರುತ್ತಿದ್ದ ಮಗು ಅದು: ಮೀನಿಗೆ ಬಾಯಾರಿಕೆ ಆಗುತ್ತಾ, ಸತ್ತವರ ಹಲ್ಲಿನ ಸೆಟ್ಟನ್ನು ಏನು ಮಾಡ್ತಾರೆ, ಅಜ್ಜಿ ಚಿಕ್ಕವಳಿದ್ದಾಗಲೂ ಬೈತಿದ್ದಳಾ. ಹಡಗಿನ ಸುದ್ದಿ ಹೇಳಿದ ದಿನ ಒಂದೇ ಒಂದು ಕೇಳಿದ್ದಳು, ಯಾಕೆ ನಿನ್ನನ್ನೇ ಅಂತ. ಬೇರೆ ಯಾರೂ ಸಿಗಲಿಲ್ಲವಂತೆ ಪುಟ್ಟಿ, ಅದಕ್ಕೇ ಕರೆದಿದ್ದಾರೆ, ಅಂದಿದ್ದಳು ಇವಳು, ತಟ್ಟೆಯ ಮೇಲಿಂದ ಕಣ್ಣೆತ್ತದೆ. ಅಲ್ಲಿಗೆ ಮಗುವಿನ ಪ್ರಶ್ನೆಗಳೆಲ್ಲ ನಿಂತವು. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಅಂದಿನಿಂದ ಮಗಳು ಅಮ್ಮನ ಮೇಲೆ ಕನಿಕರ ತೋರಿಸತೊಡಗಿದ್ದಳು. ಕೆಲಸದಿಂದ ಬಂದರೆ ಕೇಳದೆಯೇ ನೀರು ತಂದುಕೊಡುವಳು, ರಾತ್ರಿ ಪಾದ ಒತ್ತುವಳು. ಪಕ್ಕದ ಮನೆಯ ಹುಡುಗಿಯ ಹತ್ತಿರ ಗೋಡೆಯಾಚೆ ಹೇಳುತ್ತಿದ್ದುದು ಇವಳ ಕಿವಿಗೇ ಬಿದ್ದಿತ್ತು: "ನಮ್ಮಮ್ಮಂಗೆ ಸ್ವಲ್ಪಾನೂ ಇಷ್ಟ ಇಲ್ಲ ಕಣೇ. ಪಾಪ, ಕರೆದುಬಿಟ್ಟಿದ್ದಾರೆ, ಏನ್ಮಾಡೋದು." ಒಣಗಿದ ಬಟ್ಟೆಗಳನ್ನು ಕೈಯಲ್ಲಿ ಹಿಡಿದು ಅವಳು ಅಲ್ಲೇ ನಿಂತುಬಿಟ್ಟಿದ್ದಳು. ಬೈಗುಳವನ್ನು ಬೇಕಾದರೆ ಕೊಡವಿಕೊಳ್ಳಬಹುದು, ಸಲ್ಲದ ಕನಿಕರವನ್ನು ಎಲ್ಲಿ ಕೊಡವುವುದು.

ಆಗ ಮುಂಬಾಗಿಲು ಬಡಿದ ಸದ್ದಾಯಿತು. ಅವಳ ಬೆರಳು ನಿಂತವು.

"ನಾನು ನೋಡ್ತೀನಿ," ಎಂದು ಗಂಡ ಎದ್ದ. ಮರುಕ್ಷಣ ಅವನ ಸ್ವರ ಒಂದು ಮೆಟ್ಟಿಲು ಮೇಲೇರಿತು. "ಓಹೋ, ಕ್ಯಾಪ್ಟನ್ ಸಾಹೇಬರು. ಬನ್ನಿ ಬನ್ನಿ, ಒಳಗೆ ಬನ್ನಿ."

ಕೈಯಲ್ಲಿದ್ದ ಮೂರು ಎಳೆ ಸಡಿಲವಾಗಿ ಒಂದಾಗಿಹೋದವು. ಇಷ್ಟು ದಿನ ಅವಳು ಈ ಮನುಷ್ಯನನ್ನು ಮನೆಯಿಂದ ದೂರವಿಡಲು ಪಟ್ಟ ಪಾಡು ಅವಳಿಗೇ ಗೊತ್ತು. ಊಟಕ್ಕೆ ಕರೆಯೋಣ ಎಂದು ಗಂಡ ಎಷ್ಟು ಸಲ ಅಂದಿದ್ದ. ಅವರು ಯಾರ ಮನೆಗೂ ಹೋಗುವವರಲ್ಲ, ಮಾತು ಕಡಿಮೆ, ಮನೆಯ ಊಟ ಸೇರುವುದಿಲ್ಲ, ಹೀಗೆ ಒಂದೊಂದು ಸಲಕ್ಕೆ ಒಂದೊಂದು ನೆಪ ಹೊಲಿದಿದ್ದಳು. ಯಾಕೆಂದರೆ ಯಾರೂ ಅವಳನ್ನು ಕರೆದಿರಲಿಲ್ಲ. ತಾನೇ ಹೋಗಿ ಕೇಳಿದ್ದಳು. ಮನೆಯಲ್ಲಿ ಅದು ಗೊತ್ತಿಲ್ಲದ ಮೂವರಿದ್ದರು, ಗೊತ್ತಿದ್ದ ಒಬ್ಬ ಈಗ ಮುಂದಿನ ಕೋಣೆಯಲ್ಲಿ ಕುರ್ಚಿ ಎಳೆದುಕೊಳ್ಳುತ್ತಿದ್ದ.

ಅವಳು ಹೋಗಿ ನೋಡಿದಾಗ ಕ್ಯಾಪ್ಟನ್ ಟೋಪಿಯನ್ನು ತೊಡೆಯ ಮೇಲಿಟ್ಟು, ತನ್ನ ಬೂಟಿಗೆ ನೆಲ ಕೊಳೆಯಾಗುತ್ತದೆಂಬಂತೆ ಕಾಲನ್ನು ಕುರ್ಚಿಯ ಅಡಿಗೆ ಸೇರಿಸಿ ಕೂತಿದ್ದ. ಅಗಲ ಭುಜದ, ಬಿಸಿಲಿಗೆ ತೊಗಲಾದ ಮುಖದ ಮನುಷ್ಯ, ಮನೆಯೊಳಗೆ ತೀರ ದೊಡ್ಡದಾಗಿ ಕಾಣುತ್ತಿದ್ದ. ಗಂಡ ಎದುರಿಗೆ ಒಂದು ಗಾಜಿನ ಪೆಟ್ಟಿಗೆಯನ್ನು, ಅದರೊಳಗಿನ ಮಾದರಿ ಹಲ್ಲುಗಳನ್ನು, ಗೆಳೆತನದಿಂದ ತೋರಿಸುತ್ತಿದ್ದ.

"ಗಾಳಿ ತಿರುಗಿದೆಯಮ್ಮ," ಎಂದ ಕ್ಯಾಪ್ಟನ್ ಅವಳನ್ನು ಕಂಡು. "ಸಂಜೆ ತನಕ ಕಾದ್ರೆ ಕೆಡ್ತೀವಿ. ಮಧ್ಯಾಹ್ನಾನೇ ಬಿಡೋದು. ಈ ಕಡೆ ಬಂದಿದ್ದೆ, ನಾನೇ ಹೇಳಿ ಹೋಗೋಣ ಅಂತ. ಬಿರುಗಾಳಿ ಹಾಯಿ ಒಂದು ಉಳಿದಿದೆಯಲ್ಲ, ಅದನ್ನ ತುಳಿದು ನೋಡಿಬಿಡಿ. ಮಿಕ್ಕಿದ್ದೆಲ್ಲ ಹಡಗಿಗೇರಿದೆ. ಎರಡನೇ ಶಿಳ್ಳೆ ಹೊಡೆಯೋದರೊಳಗೆ ನೀವೂ ಹಾಯೀನೂ ಬಂದಿರಬೇಕು."

"ಬರ್ತೀನಿ ಸಾರ್." ಇಷ್ಟೇ ಆಗಿ ಮುಗಿಯಲಿ, ಏಳಲಿ, ಟೋಪಿ ಹಾಕಿಕೊಳ್ಳಲಿ.

ಅತ್ತೆ ಚಹಾ ಹಿಡಿದು ಬಂದರು. ಮಂಡಿನೋವಿನ ಅವರು ಯಾವತ್ತೂ ಬಂದವರಿಗೆ ತಾವಾಗಿ ಚಹಾ ತಂದವರಲ್ಲ. ಲೋಟವನ್ನು ಕೊಟ್ಟ ಮೇಲೂ ಕೈ ಬಿಡದೆ, "ಒಂದು ಮಾತು ಕೇಳ್ಲಾ?" ಅಂದರು. "ಇಷ್ಟು ದೊಡ್ಡ ಬಂದರಿನಲ್ಲಿ ನಿಮಗೆ ನನ್ನ ಸೊಸೇನೇ ಸಿಕ್ಕಿದ್ಲಾ? ಸೂಜಿ ಹಿಡಿಯೋ ಗಂಡಸರು ಒಬ್ಬರೂ ಇರ್ಲಿಲ್ವಾ? ಚಿಕ್ಕ ಮಗು ಇರೋ ಮನೆಯಿಂದ ಕರೀತಿದ್ದೀವಿ ಅಂತ ಒಂದು ಸಲಾನಾದ್ರೂ ಅನ್ನಿಸಲಿಲ್ವಾ ನಿಮಗೆ?"

"ಅಮ್ಮ, ಬಿಡಮ್ಮ," ಎಂದ ಗಂಡ. ಆದರೆ ಅವನ ಮುಖದಲ್ಲಿ ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು. ನನ್ನ ಹೆಂಡತಿಯನ್ನೇ ಕರೆದರು, ಎಂದು ಹಲ್ಲು ಕಟ್ಟಿಸಿಕೊಳ್ಳಲು ಬಂದು ಬಾಯಿ ತೆರೆದು ಕೂತವರಿಗೆಲ್ಲ, ಅವರು ಮರುಮಾತಾಡಲಾಗದ ಹೊತ್ತಿನಲ್ಲಿ, ಹೇಳಿದ್ದವನು ಅವನು.

ಕ್ಯಾಪ್ಟನ್ ಲೋಟ ಹಿಡಿದು ಅತ್ತೆಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಕೈ ತಾನಾಗಿ ಸೆರಗಿನ ಅಂಚಿಗೆ ಹೋಗಿ ಅಲ್ಲಿ ಇಲ್ಲದ ಹೊಲಿಗೆಯನ್ನು ಹುಡುಕಿತು. ಬೀದಿಯಲ್ಲಿ ಯಾರೋ ಖಾಲಿ ಪೀಪಾಯಿ ಉರುಳಿಸಿಕೊಂಡು ಹೋಗುತ್ತಿದ್ದರು. ಆ ಸದ್ದು ಬಾಗಿಲ ಮುಂದೆ ಬಂದು, ದಾಟಿ, ತಿರುವಿನಲ್ಲಿ ಸಣ್ಣದಾಗುವಷ್ಟು ಹೊತ್ತೂ ಅವನು ಸುಮ್ಮನಿದ್ದ. ಕೊನೆಗೆ ಚಹಾದೊಳಗೆ ನೋಡುತ್ತ, "ಹೂಂ. ಅನ್ನಿಸಬೇಕಿತ್ತು. ತಪ್ಪಾಯ್ತು ತಾಯಿ," ಎಂದ.

ಅತ್ತೆಗೆ ಅದು ಸಾಕಾಯಿತು, ಒಳಗೆ ಹೋದರು. ಅವಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ತಾನು ಆಡಿದ ಸುಳ್ಳನ್ನು ಒಬ್ಬ ಹೊರಗಿನವನು, ದೊಡ್ಡ ಮನುಷ್ಯ, ಬಗ್ಗಿ ನೆಲದಿಂದ ಎತ್ತಿ ಜೇಬಿಗೆ ಹಾಕಿಕೊಂಡಿದ್ದ. ಇನ್ನು ಆರು ತಿಂಗಳು ಅವನ ಹಡಗಿನಲ್ಲಿ, ಅವನ ಕಣ್ಣೆದುರು, ಆ ಜೇಬನ್ನು ನೋಡಿಕೊಂಡಿರಬೇಕು. ಬಾಗಿಲವರೆಗೆ ಕಳಿಸಲು ಹೋದಾಗ ಅವನು ಮೆಲ್ಲಗೆ, "ಮನೇಲಿ ಕೇಳಿದ್ದೀನಿ ಅಂದಿದ್ರಿ," ಎಂದ. ಬೈಗುಳವಲ್ಲ, ಹವಾಮಾನದ ಮಾತಿನಂತೆ ಅಂದ. ಅವಳು ನೆಲ ನೋಡಿದಳು. ತಲೆಯೆತ್ತಿದಾಗ ಮಗಳು ನಡುಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚಿದ ಕೂದಲು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೊನೆಯ ಮಾತು ಕೇಳಿಸಿತೋ ಇಲ್ಲವೋ, ಪೀಪಾಯಿ ದಾಟುವಷ್ಟು ಹೊತ್ತಿನ ಆ ಮೌನವನ್ನಂತೂ ಅವಳು ನೋಡಿದ್ದಳು.

ಎರಡನೇ ಜಡೆಯನ್ನು ಗಂಡ ಹೆಣೆದ. ಅದು ಸೊಟ್ಟಗಿತ್ತು.

ಕೋಣೆಯಲ್ಲಿ ಚೀಲ ತುಂಬುವಾಗ ಅವಳ ಕೈಗೆ ದಾರಿ ಗೊತ್ತಿತ್ತು, ಮನಸ್ಸಿಗೆ ಇರಲಿಲ್ಲ. ಎಣ್ಣೆಯಲ್ಲಿ ನೆನೆದ ಉಣ್ಣೆಬಟ್ಟೆಗೆ ಚುಚ್ಚಿದ ಸೂಜಿಗಳು, ಉಪ್ಪುಗಾಳಿಗೆ ತುಕ್ಕು ಹಿಡಿಯದಿರಲೆಂದು. ಮೇಣದ ಉಂಡೆ, ಮೇಣ ತಿಕ್ಕಿದ ದಪ್ಪ ದಾರ, ಅಂಗೈಗೆ ಕಟ್ಟಿಕೊಳ್ಳುವ ತೊಗಲಿನ ಪಟ್ಟಿ, ಅದರ ನಡುವೆ ಸೂಜಿಯ ಬುಡ ಒತ್ತುವ ಕಬ್ಬಿಣದ ಬಿಲ್ಲೆ. ಮದುವೆಗೆ ಮುಂಚಿನಿಂದ ಅವಳು ಹಾಯಿ ಹೊಲಿದಿದ್ದಳು. ಬಿಳಿಯ ಗಟ್ಟಿ ಬಟ್ಟೆ ಅಂಗಳದಷ್ಟಗಲ ತೊಡೆಯ ಮೇಲಿಂದ ಹರಿದುಹೋಗುತ್ತಿತ್ತು. ಹೊಲಿದು, ಮಡಿಸಿ, ಕಟ್ಟಿ ಕಳಿಸುವುದು. ಹಡಗುಗಳು ಬಂದರಿನ ಬಾಯಿ ದಾಟುವವರೆಗೆ ಹಾಯಿ ಬಿಚ್ಚುವಂತಿರಲಿಲ್ಲ, ಸಣ್ಣ ಯಂತ್ರದ ದೋಣಿಗಳು ಅವನ್ನು ಎಳೆದುಕೊಂಡು ಹೋಗುತ್ತಿದ್ದವು. ಹೀಗಾಗಿ ಇಷ್ಟು ವರ್ಷ ಹೊಲಿದವಳು ತನ್ನ ಒಂದು ಹಾಯಿಯಾದರೂ ಗಾಳಿ ತುಂಬಿ ನಿಂತದ್ದನ್ನು ನೋಡಿರಲಿಲ್ಲ. ಇದನ್ನು ಒಮ್ಮೆ ನಗುತ್ತ ಗಂಡನಿಗೆ ಹೇಳಿದ್ದಳು. ಅವನೂ ನಕ್ಕು, ನಾನು ಕಟ್ಟಿದ ಹಲ್ಲಿನಲ್ಲಿ ಅವರು ಏನು ತಿಂತಾರೆ ಅಂತ ನಾನೇನು ನೋಡೋಕೆ ಹೋಗ್ತೀನಾ, ಅಂದಿದ್ದ. ಸರಿಯಾದ ಮಾತೇ. ಅದಾದ ಮೇಲೆ ಅವಳು ಆ ಆಸೆಯನ್ನು ಯಾರಿಗೂ ಹೇಳಲಿಲ್ಲ. ಹೇಳದೆ ಇಟ್ಟದ್ದು ಹುದುಗಿಟ್ಟ ಹಿಟ್ಟಿನ ಹಾಗೆ ಉಬ್ಬಿತು. ಹಡಗಿನ ಹಾಯಿ ಹೊಲಿಯುವವನಿಗೆ ಕಣ್ಣಿನ ಪೊರೆ ಬಂದು ಕೆಲಸ ಬಿಟ್ಟನೆಂದು ತಿಳಿದ ದಿನ, ಊಟದ ಬಿಡುವಿನಲ್ಲಿ, ಉಣ್ಣದೆ, ಹಡಗುಕಟ್ಟೆಯುದ್ದಕ್ಕೂ ನಡೆದು ಹೋಗಿ ಕ್ಯಾಪ್ಟನ್ ಎದುರು ನಿಂತು, ನಾನು ಬರ್ತೀನಿ, ಕರ್ಕೊಂಡು ಹೋಗ್ತೀರಾ, ಎಂದಿದ್ದಳು. ಆ ದನಿ ಯಾರದೋ ಅನ್ನಿಸಿತ್ತು. ನಾಚಿಕೆಯಾಗುವಷ್ಟು ಸಂತೋಷವಿತ್ತು ಅದರಲ್ಲಿ. ವಾಪಸು ಬರುವಾಗ ಮಗಳ ನೆನಪು ಬಂದದ್ದು ಅರ್ಧ ದಾರಿಯಲ್ಲಿ. ಅರ್ಧ ದಾರಿ ಅವಳು ಮಗಳಿಲ್ಲದ ಹೆಂಗಸಾಗಿ ನಡೆದಿದ್ದಳು. ಸುಳ್ಳು ಹೇಳಿದ್ದು ತಾನೇ ಹೋಗಿ ಕೇಳಿದ ತಪ್ಪನ್ನು ಮುಚ್ಚುವುದಕ್ಕಲ್ಲ, ಆ ಅರ್ಧ ದಾರಿಯನ್ನು ಮುಚ್ಚುವುದಕ್ಕೆ.

ಅತ್ತೆ ಬಂದು ಚೀಲದ ಬಾಯಿಗೆ ಕೈಹಾಕಿ ಎರಡು ಜೊತೆ ಉಣ್ಣೆಯ ಕಾಲುಚೀಲ ತುರುಕಿದರು. "ಹೋಗೋಳು ಅಳ್ತಾ ಹೋಗ್ಬೇಡ," ಅಂದರು, ಅವಳ ಮುಖ ನೋಡದೆ. "ಮಗು ಆಮೇಲೆ ಮೂಲೆ ಮೂಲೇಲಿ ನಿನ್ನ ಅಳುಮುಖಾನೇ ಹುಡುಕ್ತಾ ಕೂರುತ್ತೆ. ಕರೆದಿದ್ದಾರೆ, ಹೋಗ್ತಿದ್ದೀಯ. ನಿನ್ನ ತಪ್ಪೇನಿದೆ ಇದರಲ್ಲಿ."

"ಅತ್ತೆ," ಎಂದಳು. ಈಗ ಹೇಳಿಬಿಟ್ಟರೆ? ಅಷ್ಟರಲ್ಲಿ ಬಂದರಿನ ಕಡೆಯಿಂದ ಮೊದಲನೇ ಶಿಳ್ಳೆ ಕೇಳಿಸಿತು. "ಮಂಡಿಗೆ ಎಣ್ಣೆ ಹಚ್ಕೊಳ್ಳೋದು ಮರೀಬೇಡಿ," ಅಂದಳು.

ಚೀಲ ಹೊತ್ತು ಗಂಡ ನೇರ ಹಡಗುಕಟ್ಟೆಗೆ ಹೋಗುವುದೆಂದಾಯಿತು. ಅವಳು ಸೂಜಿ ಚುಚ್ಚಿದ ಉಣ್ಣೆಬಟ್ಟೆ, ದಾರ, ಅಂಗೈ ಪಟ್ಟಿಯನ್ನು ಮಾತ್ರ ಚೀಲದಿಂದ ತೆಗೆದುಕೊಂಡು, ಮಗಳ ಕೈಹಿಡಿದು, ತಾನು ಹೊಲಿಯುವ ಹಾಯಿಶಾಲೆಗೆ ಹೊರಟಳು. ಬಿರುಗಾಳಿ ಹಾಯಿ ಅಲ್ಲಿತ್ತು. ಬೀದಿ ಎಂದಿನಂತೆಯೇ ಇತ್ತು. ಚಕ್ರ ಕಳಚಿದ ಕೈಗಾಡಿ, ಬಿಸಿಲಿಗೆ ಹಾಸಿದ ಬಲೆ, ಮಹಡಿಯಿಂದ ಬಟ್ಟೆಯ ನೀರು ತೊಟ್ಟಿಕ್ಕುವ ಜಾಗದಲ್ಲಿ ಎಲ್ಲರೂ ಅಭ್ಯಾಸಬಲದಿಂದ ಬದಿಗೆ ಸರಿಯುವುದು. ಎದುರಾದ ಹಗ್ಗದಂಗಡಿಯವಳು, "ಏನಮ್ಮಾ, ಸಮುದ್ರದ ಸೊಸೆ, ಹೊರಟೆಯಾ? ಬರುವಾಗ ನಮಗೊಂದು ದ್ವೀಪ ತಗೊಂಡು ಬಾ," ಎಂದು ನಗಿಸಲು ನೋಡಿದಳು. ಮಗಳು ಅವಳತ್ತ ತಿರುಗಿ ಗಂಭೀರವಾಗಿ, "ಅಮ್ಮಂಗೆ ತಮಾಷೆ ಮಾಡ್ಬೇಡಿ," ಅಂದಳು. ಮಗುವಿನ ಪುಟ್ಟ ಕೈ ಇವಳ ಕೈಯನ್ನು ಹಿಡಿದ ರೀತಿಯೇ ಬೇರೆಯಾಗಿತ್ತು. ಯಾರು ಯಾರನ್ನು ನಡೆಸಿಕೊಂಡು ಹೋಗುತ್ತಿದ್ದಾರೆ ಎನ್ನುವುದು ಅವಳಿಗೆ ತಿಳಿಯದಾಯಿತು.

ಹಾಯಿಶಾಲೆ ಖಾಲಿಯಾಗಿತ್ತು. ಎಲ್ಲರೂ ಕಟ್ಟೆಗೆ ಹೋಗಿದ್ದರು. ಉದ್ದನೆಯ ಮರದ ನೆಲದ ಮೇಲೆ, ಎತ್ತರದ ಕಿಟಕಿಗಳ ಬೆಳಕಿನಲ್ಲಿ, ಹಾಯಿಯನ್ನು ಹಾಸಿಟ್ಟಿದ್ದರು. ಬೇರೆಯವುಗಳ ಮುಂದೆ ಚಿಕ್ಕದು, ಆದರೆ ಎರಡು ಪದರದ ಬಟ್ಟೆ, ಮೂಲೆಗಳಲ್ಲಿ ತೊಗಲು. ಉಳಿದ ಹಾಯಿಗಳೆಲ್ಲ ಹರಿದುಹೋದ ಮೇಲೆ, ಹಡಗಿನ ಮೂತಿಯನ್ನು ಅಲೆಗೆ ನೇರವಾಗಿ ಹಿಡಿದು ನಿಲ್ಲಿಸಲು ಉಳಿಯುವುದು ಇದೊಂದೇ. ಇದರ ಹೊಲಿಗೆ ಬಿಟ್ಟರೆ ಹಡಗು ಅಡ್ಡ ತಿರುಗುತ್ತದೆ, ಆಮೇಲೆ ಹೇಳುವುದಕ್ಕೆ ಯಾರೂ ಉಳಿಯುವುದಿಲ್ಲ. ಹಾಗಾಗಿ ಈ ಶಾಲೆಯಲ್ಲಿ ಒಂದು ಕ್ರಮವಿತ್ತು. ಹೊರಡುವ ದಿನ ಹಾಯಿಯನ್ನು ಕಣ್ಣಿನಿಂದ ನೋಡುವುದಲ್ಲ, ತುಳಿದು ನೋಡುವುದು. ಬರಿಗಾಲಲ್ಲಿ, ಕಣ್ಣು ಮುಚ್ಚಿಕೊಂಡು, ಒಂದೊಂದು ಹೊಲಿಗೆಯ ಸಾಲಿನ ಮೇಲೂ ಹಿಮ್ಮಡಿಯಿಂದ ಬೆರಳಿನವರೆಗೆ ಊರಿ ನಡೆಯುವುದು. ಸಡಿಲವಾದ ದಾರ ಕಣ್ಣಿಗೆ ಸಿಗದೆ ಹೋದೀತು, ಅಂಗಾಲಿಗೆ ಸಿಕ್ಕೇ ಸಿಗುತ್ತದೆ. ಅದಕ್ಕೂ ಗಟ್ಟಿಯಾಗದ ಅಂಗಾಲು ಬೇಕು. ಹಾಗೆಂದೇ ಕಳೆದೆರಡು ವರ್ಷದಿಂದ ಕೊನೆಯ ತುಳಿತ ಮಗಳದು. ಒಮ್ಮೆಯೂ ಅವಳ ಕಾಲು ತಪ್ಪಿರಲಿಲ್ಲ.

"ಬೇಗ ಪುಟ್ಟಿ. ಚಪ್ಪಲಿ ಬಿಡು."

ಮಗಳು ಕಣ್ಣುಮುಚ್ಚಿ ಹಾಯಿಯ ಮೇಲೆ ಕಾಲಿಟ್ಟಳು. ಕೈಗಳನ್ನು ಎರಡು ಬದಿಗೂ ಚಾಚಿ, ತಂತಿಯ ಮೇಲೆ ನಡೆಯುವವಳಂತೆ, ಮೊದಲ ಸಾಲು ಮುಗಿಸಿದಳು. ಎರಡನೆಯ ಸಾಲಿನ ನಡುವೆ ನಿಂತಳು.

"ಇಲ್ಲಿ."

ಅವಳು ಮಂಡಿಯೂರಿ ನೋಡಿದಳು. ಉಗುರಿನಿಂದ ಕೆರೆದಳು, ಸೂಜಿಯ ತುದಿಯಿಂದ ಒಂದೊಂದೇ ಕುಣಿಕೆಯನ್ನು ಎತ್ತಿ ನೋಡಿದಳು. ದಾರ ಕಲ್ಲಿನಂತಿತ್ತು. "ಏನೂ ಇಲ್ವಲ್ಲೇ."

"ಇದೆ. ಕಾಲಿಗೆ ಸಿಗ್ತಿದೆ."

ಏನಾದರಾಗಲಿ ಎಂದು ಅಂಗೈ ಪಟ್ಟಿ ಕಟ್ಟಿಕೊಂಡು ಆ ಜಾಗದಲ್ಲಿ ಮೇಲೊಂದು ಸಾಲು ಹೊಲಿದಳು. ಬೆವರು ಹಣೆಯಿಂದ ಜಾರಿ ಬಟ್ಟೆಯ ಮೇಲೆ ಬಿದ್ದು ಬೂದಿಬಣ್ಣದ ಚುಕ್ಕೆಯಾಯಿತು. ದಾರ ಕಚ್ಚಿ ತುಂಡರಿಸಿ ಏಳುವಷ್ಟರಲ್ಲಿ ಮಗಳು ಮೂರನೆಯ ಸಾಲಿನಲ್ಲಿ ನಿಂತಿದ್ದಳು. "ಇಲ್ಲೂ." ಅಲ್ಲೂ ಏನಿರಲಿಲ್ಲ. ಆಮೇಲೆ ಮೂಲೆಯಲ್ಲಿ, ತೊಗಲು ಸೇರುವ ಕಡೆ. "ಇಲ್ಲಿ, ಅಮ್ಮ." ಪ್ರತಿ ಸಲ ಆ ದನಿ ಇನ್ನಷ್ಟು ಸಣ್ಣದಾಗುತ್ತಿತ್ತು. ಪ್ರತಿ ಸಲ ಅವಳು ಮಂಡಿಯೂರುತ್ತಿದ್ದಳು, ಎಳೆಯುತ್ತಿದ್ದಳು, ಕೆರೆಯುತ್ತಿದ್ದಳು. ನಾಲ್ಕನೆಯ ಸಲಕ್ಕೆ ಅವಳಿಗೆ ಅರ್ಥವಾಗಿತ್ತು. ಆದರೂ ಬಿಡುವಂತಿರಲಿಲ್ಲ. ನೂರರಲ್ಲಿ ಒಂದು ನಿಜವಾಗಿದ್ದರೆ? ಈ ಹಾಯಿಯ ಕೆಳಗೆ ನಿಲ್ಲುವವರು ಬೇರೆಯವರೂ ಇದ್ದರು. ಅವರಿಗೂ ಎಲ್ಲೋ ಮನೆಗಳಿದ್ದವು, ಜಡೆ ಹಾಕಲು ಬರದ ಗಂಡಂದಿರೋ ಹೆಂಡತಿಯರೋ ಇದ್ದರು. ಮಗುವಿನ ಮಾತನ್ನು ನಂಬುವಂತಿಲ್ಲ, ನಂಬದಿರುವಂತಿಲ್ಲ. ಹೀಗೆ ಮಂಡಿಯೂರಿ ಮಂಡಿಯೂರಿ, ತನ್ನ ಮಗಳ ಪಾದಗಳ ಬುಡದಲ್ಲಿ, ಇಲ್ಲದ ತಪ್ಪನ್ನು ಹುಡುಕುತ್ತ ಅವಳು ಹಾಯಿಯುದ್ದಕ್ಕೂ ತೆವಳಿದಳು. ಆ ಪಾದಗಳು ಒಂದನ್ನೊಂದು ತುಳಿದುಕೊಂಡು ನಿಂತಿದ್ದವು. ಕಿರುಬೆರಳಿನ ಉಗುರು ಬೆಳೆದಿತ್ತು, ಕತ್ತರಿಸಲು ಮರೆತಿದ್ದಳು. ಇನ್ನು ಅದನ್ನು ಕತ್ತರಿಸುವವರು ಬೇರೆ.

ಕಿಟಕಿಯಾಚೆ ಯಾರೋ ಕೂಗಿ ಕೇಳಿದರು, ಹಾಯಿ ಆಯ್ತಾ ಅಂತ. "ಬಂದೆ," ಎಂದಳು. ಎರಡನೇ ಶಿಳ್ಳೆಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಹಾಯಿ ಹೋಗದೆ ಹಡಗು ಬಿಡುವಂತಿಲ್ಲ, ಇದು ಮಗುವಿಗೂ ಗೊತ್ತು. ಗಾಳಿ ತಿರುಗಿದರೆ ಯಾರಿಗೂ ಕಾಯುವುದಿಲ್ಲ, ಇದು ಗೊತ್ತಿರಲಿಕ್ಕಿಲ್ಲ. ತಡವಾಗಿ ಹೊರಟ ಹಡಗು ಬಂದರಿನ ಬಾಯಲ್ಲೇ ಬಂಡೆಗೆ ತಗಲಿದ್ದೂ ಉಂಟು.

"ಇಲ್ಲಿ," ಎಂದಳು ಮಗಳು ಮತ್ತೆ. ಈ ಸಲ ಅವಳು ಹೊಲಿಗೆಯ ಮೇಲೆ ಇರಲೂ ಇಲ್ಲ. ಬಟ್ಟೆಯ ನಡುವೆ, ಬರೀ ಬಿಳಿಯ ಮೇಲೆ, ಕಣ್ಣುಮುಚ್ಚಿ ನಿಂತಿದ್ದಳು.

ಅವಳು ಸೂಜಿಯನ್ನು ಉಣ್ಣೆಬಟ್ಟೆಗೆ ಚುಚ್ಚಿದಳು. ಎದ್ದು ಹೋಗಿ, ತಾನೂ ಚಪ್ಪಲಿ ಬಿಟ್ಟು, ಹಾಯಿಯ ಮೇಲೆ ನಡೆದು ಮಗಳ ಎದುರು ಕೂತಳು. ಅಂಗಾಲಿನಡಿ ತಾನೇ ಹಾಕಿದ ಹೊಲಿಗೆಗಳು ಒಂದೊಂದಾಗಿ ದಾಟಿಹೋದವು, ಎಲ್ಲವೂ ಗಟ್ಟಿ. ಕೋಪ ಬರಬೇಕಿತ್ತು; ಬಂದದ್ದು ಸುಸ್ತು.

"ಪುಟ್ಟಿ, ಇಲ್ಲಿ ಹೊಲಿಗೇನೇ ಇಲ್ಲ."

ಮಗಳು ಕಣ್ಣು ತೆರೆಯಲಿಲ್ಲ.

"ಹಿಂದಿನವೂ ಗಟ್ಟಿಯಾಗೇ ಇದ್ದವು. ಅಲ್ವಾ?"

ಮಗಳು ಕಾಲ್ಬೆರಳುಗಳನ್ನು ಬಟ್ಟೆಗೆ ಒತ್ತಿ ಹಿಡಿದಳು.

"ಅಮ್ಮನ ಹತ್ರ ಸುಳ್ಳು ಹೇಳ್ತಾರಾ?" ಎಂದಳು. ದಿನಕ್ಕೆ ಹತ್ತು ಸಲ ಆಡುವ, ಎಲ್ಲ ತಾಯಂದಿರೂ ಆಡುವ ಮಾತು. ಬಾಯಿಂದ ಬಿದ್ದ ಮೇಲೆ ಅದರ ಭಾರ ಗೊತ್ತಾಗಿ ನಾಲಿಗೆ ಕಚ್ಚಿಕೊಂಡಳು. ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಎರಡನೇ ಶಿಳ್ಳೆ ಹೊಡೆಯಿತು. ಉದ್ದಕ್ಕೆ, ಕಿಟಕಿಯ ಗಾಜುಗಳು ಸಣ್ಣಗೆ ನಡುಗುವಂತೆ. ಅದು ಮುಗಿಯುವವರೆಗೆ ಇಬ್ಬರೂ ಕಾದರು. ಹೊರಗೆ ಹಾಯಿ ಒಯ್ಯಲು ಬಂದವರ ಕಾಲಸದ್ದು ಮೆಟ್ಟಿಲು ಹತ್ತುತ್ತಿತ್ತು.

ಮಗಳು ಕಣ್ಣು ತೆರೆದಳು. ಅದರಲ್ಲಿ ಇಷ್ಟು ದಿನದ ಕನಿಕರವಿರಲಿಲ್ಲ. ಮೊದಲಿನ ಮಗುವೇ, ಮೀನಿಗೆ ಬಾಯಾರುತ್ತದೆಯೇ ಎಂದು ಕೇಳಿದ್ದವಳೇ, ಉತ್ತರ ಬೇಕೆಂದೇ ನೋಡುತ್ತಿದ್ದಳು.

"ಅಮ್ಮ."

"ಹೇಳು ಕಂದ."

"ಅವರು ನಿನ್ನ ಕರೆದ್ರಾ? ಇಲ್ಲ, ನೀನೇ ಹೋಗಿ ಕೇಳಿದ್ಯಾ?"